ಎಎಸ್‌ಎಫ್-1 ಶಿರಾಡಿಯೋ, ಬಿ.ಸಿ. ರೋಡೋ?

ಶೇಂದಿ ಸಿಗುವುದು ಕಷ್ಟ ಅಂತ ಮಂಗಳೂರಿನ ಎಷ್ಟೋ ಮನೆಗಳಲ್ಲಿ ಈಗ ಸಾನ್ನದ ಹಿಟ್ಟಿಗೆ ಅಂಗಡಿಯ ಯೀಸ್ಟ್ ಹಾಕುತ್ತಾರೆ. ಲ್ಯಾಬಿನಲ್ಲಿ ನಾವು ಬೆಳೆಸುವುದೂ ಅದೇ ಜಾತಿ. ಅದರ ಸುಮಾರು 6000 ಜೀನುಗಳಲ್ಲಿ ಒಂದು ಎಎಸ್‌ಎಫ್-1. ಇದಕ್ಕೆ ಯಾವ ಯಾವ ಜೀನುಗಳ ಜೊತೆ 'ಇಂಟರಾಕ್ಷನ್' ಇದೆ ಅಂತ ಡೇಟಾಬೇಸಿನಲ್ಲಿ ಹುಡುಕಿದರೆ ನೂರಾರು ಹೆಸರು ಉದುರುತ್ತವೆ. ಮೊನ್ನೆ ಕೊಣಾಜೆ ಬಸ್ಸಿನಲ್ಲಿ ಎಂಎಸ್ಸಿ ಓದುವ ಹುಡುಗಿಯೊಬ್ಬಳು ಮೊಬೈಲಿನಲ್ಲಿ ಆ ಪಟ್ಟಿ ತೋರಿಸಿ, "ಸರ್, ಇದು ಇಷ್ಟಕ್ಕೂ ಹೋಗಿ ಅಂಟಿಕೊಳ್ತದಾ?" ಅಂತ ಕೇಳಿದಳು. ಇಲ್ಲ. ಗೋಜಲು ಶುರುವಾಗುವುದೇ ಆ ಪದದಿಂದ.

ನಮ್ಮ ಘಾಟಿಗಳನ್ನೇ ನೋಡಿ. ಶಿರಾಡಿ ಒಂದೇ ಬಂದ್ ಆದರೆ ಬೆಂಗಳೂರು ಬಸ್ಸುಗಳು ಚಾರ್ಮಾಡಿ ಸುತ್ತಿ ಹೋಗುತ್ತವೆ, ತಡವಾಗುತ್ತದೆ ಅಷ್ಟೆ. ಎರಡೂ ಬಂದ್ ಆದರೆ ಕಥೆ ಬೇರೆ. ಈ ಎರಡು ರಸ್ತೆ ಘಾಟಿಯಲ್ಲಿ ಎಲ್ಲೂ ಒಂದನ್ನೊಂದು ಮುಟ್ಟುವುದಿಲ್ಲ, ಆದರೂ ಒಂದರ ಗತಿ ಇನ್ನೊಂದಕ್ಕೆ ಕಟ್ಟಿಕೊಂಡಿದೆ ಅಲ್ವಾ? ಹಾಗೆಯೇ ಶಿರಾಡಿ ಗುಂಡ್ಯದಲ್ಲಿ ಕುಸಿದ ಮೇಲೆ ಸಕಲೇಶಪುರದ ಹತ್ತಿರ ಮತ್ತೊಮ್ಮೆ ಕುಸಿದರೆ ಹೊಸದಾಗಿ ಏನೂ ಕೆಡುವುದಿಲ್ಲ, ಯಾಕೆಂದರೆ ಅದು ಒಂದೇ ದಾರಿ. ಎರಡು ಜೀನು ತೆಗೆದಾಗ ಯೀಸ್ಟಿಗೆ ಏನಾಗುತ್ತದೆ ಅನ್ನುವ ಲೆಕ್ಕವೂ ಇದೇ. ಪಟ್ಟಿಯ 'ಇಂಟರಾಕ್ಷನ್' ಅಂದರೆ ಮುಟ್ಟುವುದೇ ಆಗಬೇಕಿಲ್ಲ, ಈ ಲೆಕ್ಕವೂ ಆಗಬಹುದು.

ಎಎಸ್‌ಎಫ್-1 ಜೀನಿನ ಪ್ರೋಟೀನು ಸಾಗಿಸುವ ಸರಕು ಹಿಸ್ಟೋನ್, ಅದೂ ಒಂದು ಪ್ರೋಟೀನು. ಎಂಟು ಹಿಸ್ಟೋನ್‌ಗಳ ಉಂಡೆಗೆ ಡಿಎನ್‌ಎಯ ಸುಮಾರು 147 ಅಕ್ಷರಗಳಷ್ಟು ಉದ್ದ ಸುತ್ತಿಕೊಳ್ಳುತ್ತದೆ. ಬಿಡಿ ಹಿಸ್ಟೋನ್ ಸಿಕ್ಕಸಿಕ್ಕಲ್ಲಿ ಅಂಟುವ ಜಾತಿ, ಹಾಗಾಗಿ ಅದನ್ನು ಕೈಹಿಡಿದು ಕರೆದೊಯ್ಯಲು ಶಾಪರೋನ್ ಬೇಕು. ಕಪ್ಪೆಯ ಮೊಟ್ಟೆಯಲ್ಲಿ ಕಂಡ ಇಂಥದೊಂದು ಪ್ರೋಟೀನಿಗೆ 1978ರಲ್ಲಿ ಆ ಹೆಸರು ಬಿತ್ತು, 1989ರಲ್ಲಿ ಹಿಸ್ಟೋನ್ ಸಾಗಿಸುವ ಕ್ಯಾಫ್-1 ಸಿಕ್ಕಿತು, 1997ರಲ್ಲಿ ಎಎಸ್‌ಎಫ್-1 ಬಂತು (ಇದು ಜಾಸ್ತಿಯಾದರೆ ಸುಮ್ನಿರಬೇಕಾದ ಜೀನುಗಳು ಬಾಯಿಬಿಡುತ್ತವೆ, ಹೆಸರು ಬಂದದ್ದು ಅದರಿಂದ), 1999ರಲ್ಲಿ ಅದು ಹಿಸ್ಟೋನ್ ಹೊರುವ ಕೂಲಿ ಅಂತ ನೊಣದ ಕೋಶಗಳಲ್ಲಿ ಗೊತ್ತಾಯಿತು.

2001ರ ಹೊತ್ತಿಗೆ ಚಿತ್ರ ಚೆನ್ನಾಗಿಯೇ ಇತ್ತು. ಎಎಸ್‌ಎಫ್-1 ಮತ್ತು ಹಿಸ್ಟೋನ್ ಸಾಗಣೆಯದ್ದೇ ಇನ್ನೊಂದು ಗುಂಪಾದ ಎಚ್‌ಐಆರ್ ಜೀನುಗಳು ಶಿರಾಡಿ, ಕ್ಯಾಫ್-1 ಚಾರ್ಮಾಡಿ. ಎಎಸ್‌ಎಫ್-1, ಎಚ್‌ಐಆರ್ ಎರಡನ್ನೂ ತೆಗೆದರೆ ಸುಮ್ನಿರಬೇಕಾದ ಜೀನುಗಳ ಗಲಾಟೆ ಹೆಚ್ಚಾಗುವುದಿಲ್ಲ. ಎಎಸ್‌ಎಫ್-1 ಜೊತೆ ಕ್ಯಾಫ್-1 ತೆಗೆದರೆ ಗಲಾಟೆಯೂ ಜೋರು, ಬೆಳವಣಿಗೆಯೂ ಕುಂಟು.

ಇದನ್ನೆಲ್ಲ ಕಂಡುಕೊಂಡದ್ದು ಕೈಯಿಂದ. ಎರಡು ಮ್ಯೂಟಂಟ್‌ಗಳನ್ನು (ಒಂದೊಂದು ಜೀನು ತೆಗೆದ ಯೀಸ್ಟ್) ಕೂಡಿಸಿ, ಆಮೇಲೆ ಉಪವಾಸ ಕೆಡವಬೇಕು. ಆಗ ಒಂದು ಪುಟ್ಟ ಚೀಲದಲ್ಲಿ ಬೀಜದಂಥ ನಾಲ್ಕು ಸ್ಪೋರ್‌ಗಳು ಹುಟ್ಟುತ್ತವೆ. ಮೈಕ್ರೋಸ್ಕೋಪಿನಡಿ ಗಾಜಿನ ಸೂಜಿಯಿಂದ ಒಂದೊಂದನ್ನೇ ಎತ್ತಿ ಸಾಲಾಗಿ ಇಡಬೇಕು. ಉಸಿರು ಬಿಟ್ಟರೂ ಸೂಜಿ ಅಲುಗುತ್ತದೆ. 30 ಡಿಗ್ರಿಯಲ್ಲಿ ಮೂರು ದಿನ. (ಮೇ ತಿಂಗಳಲ್ಲಿ ನಮ್ಮೂರಲ್ಲಿ ಇನ್‌ಕ್ಯುಬೇಟರೇ ಬೇಡ. ಜೂನ್ ಬಂದರೆ ಮಾತ್ರ ಪ್ಲೇಟಿನ ತುಂಬ ಬೂಷ್ಟು.) ನಾಲ್ಕರಲ್ಲಿ ಯಾವ ಜಾಗ ಖಾಲಿ (ಅಂದರೆ ಆ ಸ್ಪೋರ್ ಬೆಳೆಯಲಿಲ್ಲ), ಯಾವುದು ಸಣ್ಣಗಿದೆ ಅಂತ ಬೆಳಕಿಗೆ ಹಿಡಿದು ನೋಡುವಾಗ ಸಿಗುವ ತಿಳಿವಳಿಕೆ ನನಗೆ ಯಾವ ಪಟ್ಟಿಯಲ್ಲೂ ಸಿಕ್ಕಿಲ್ಲ.

ಅದೇ 2001ರಲ್ಲಿ ಟೊರೊಂಟೊದಲ್ಲಿ ರೋಬೋಟ್ ಈ ಕೆಲಸಕ್ಕಿಳಿಯಿತು. 2010ಕ್ಕೆ 54 ಲಕ್ಷ ಜೀನು ಜೋಡಿ, 2016ಕ್ಕೆ 2 ಕೋಟಿ 30 ಲಕ್ಷ. ಯೀಸ್ಟ್ ಬೆಳೆದ ಚುಕ್ಕೆಯ, ಅಂದರೆ ಕಾಲೊನಿಯ, ಫೋಟೊ ತೆಗೆದು ಗಾತ್ರಕ್ಕೆ ಅಂಕ. ಸುಮಾರು 9 ಲಕ್ಷ ಇಂಟರಾಕ್ಷನ್‌ಗಳು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ನಡುವೆ 2007-08ರಲ್ಲಿ ಹಳೆಯ ಚಿತ್ರವೇ ಅಲುಗಿತು. ಎಎಸ್‌ಎಫ್-1 ಎಚ್-3 ಹಿಸ್ಟೋನನ್ನು ಆರ್‌ಟಿಟಿ-109 ಅನ್ನುವ ಕಿಣ್ವದ ಮುಂದೆ ಹಿಡಿಯುತ್ತದೆ, ಅದು 56ನೇ ಜಾಗದಲ್ಲಿ ಒಂದು ಗುರುತು ಹಾಕುತ್ತದೆ, ಗುರುತು ಬಿದ್ದ ಹಿಸ್ಟೋನನ್ನು ಕ್ಯಾಫ್-1 ಚೆನ್ನಾಗಿ ಹಿಡಿಯುತ್ತದೆ ಅಂತ ತಿಳಿಯಿತು. ಅಂದರೆ ಎಎಸ್‌ಎಫ್-1 ಶಿರಾಡಿಯಲ್ಲ, ಎರಡೂ ದಾರಿ ಕವಲೊಡೆಯುವ ಬಿ.ಸಿ. ರೋಡ್. ಹಾಗಾದರೆ ಅದಿಲ್ಲದೆ ಯೀಸ್ಟ್ ಬದುಕುವುದು ಹೇಗೆ? ಮೂಡುಬಿದಿರೆ, ವೇಣೂರು ಸುತ್ತಿ ಬೆಳ್ತಂಗಡಿಗೆ ಹೋದ ಹಾಗೆ, ನಿಧಾನವಾಗಿ.

ಇನ್ನೊಂದು ತೊಡಕು ತಳಿಯದ್ದು. ಲ್ಯಾಬುಗಳಲ್ಲಿ ಬಹಳ ಓಡಾಡಿದ ಡಬ್ಲ್ಯೂ-303 ತಳಿಯಲ್ಲಿ ಡಿಎನ್‌ಎ ರಿಪೇರಿಯ ರಾಡ್-5 ಜೀನು ಮೊದಲೇ ಸ್ವಲ್ಪ ಕೆಟ್ಟಿರುತ್ತದೆ. 1996ರಲ್ಲೇ ಇದು ಅಚ್ಚಾಗಿತ್ತು. ಆ ತಳಿಯಲ್ಲಿ ಎರಡು ಜೀನು ತೆಗೆದೆ ಅಂದುಕೊಂಡವರು ನಿಜವಾಗಿ ಎರಡೂವರೆ ತೆಗೆದಿರುತ್ತಾರೆ. ರೋಬೋಟಿನ ಸಂಗ್ರಹ ಬೇರೆ ತಳಿಯದ್ದು. ಪಟ್ಟಿಯಲ್ಲಿ ಎರಡೂ ಒಂದೇ ಸಾಲಿನಲ್ಲಿ ಕೂರುತ್ತವೆ, ತಳಿಯ ಹೆಸರು ನೋಡಲು ಮತ್ತೆರಡು ಕ್ಲಿಕ್ ಬೇಕು.

ನಾನೂ ಎಎಸ್‌ಎಫ್-1 ಜೊತೆ ಒಂದು ರಿಪೇರಿ ಜೀನು ತೆಗೆದು ಖಾಲಿ ಜಾಗ ನೋಡಿ ಆರು ತಿಂಗಳು ಖುಷಿಪಟ್ಟಿದ್ದೆ. ಆಮೇಲೆ ರಾಡ್-5 ಸರಿಯಿರುವ ತಳಿಯಲ್ಲಿ ಅದನ್ನೇ ಮಾಡಿದೆ. ಮೂರನೇ ದಿನ ಬೆಳಿಗ್ಗೆ ಪ್ಲೇಟ್ ತೆಗೆದರೆ, ಖಾಲಿ ಇರಬೇಕಾದಲ್ಲಿ ಸಾಸಿವೆಯಷ್ಟು ದೊಡ್ಡ ಕಾಲೊನಿ.