ನರ್ಸಿಂಗ್ ಟ್ಯೂಷನ್‌ಗೆ ಡಾಕ್ಟರೇ ಬೇಕು ಅಂತ ಹೇಳಿದ್ದು ಯಾರು?

ಪ್ರಶ್ನೆ: ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ. ಫಾರ್ಮಕಾಲಜಿ ತಲೆಗೆ ಹತ್ತುತ್ತಿಲ್ಲ. ಡೋಸ್ ಲೆಕ್ಕ ಬಂದರೆ ಕೈಕಾಲು ತಣ್ಣಗಾಗುತ್ತದೆ. ಮನೆಯಲ್ಲೋ ಆನ್‌ಲೈನ್‌ನಲ್ಲೋ ಪಾಠ ಹೇಳುವ ಒಬ್ಬ ಒಳ್ಳೆಯ ಡಾಕ್ಟರನ್ನು ಹುಡುಕುವುದು ಹೇಗೆ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಕೇಳುವವರು ಬೇರೆ, ವರ್ಷ ಬೇರೆ, ಸಬ್ಜೆಕ್ಟ್ ಬೇರೆ. ಕೊನೆಯ ಸಾಲು ಮಾತ್ರ ಯಾವಾಗಲೂ ಅದೇ. ‘ಒಳ್ಳೆಯ ಡಾಕ್ಟರ್’ ಬೇಕು. ಒಳ್ಳೆಯ ಟ್ಯೂಟರ್ ಬೇಕು ಅಂತ ಇಷ್ಟು ವರ್ಷದಲ್ಲಿ ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಹೇಳಿ ಹೇಳಿ ನನಗೂ ಸಾಕಾಗಿದೆ. ಆದ್ದರಿಂದ ಈ ಸಲ ಪೂರ್ತಿಯಾಗಿ ಬರೆದುಬಿಡುತ್ತೇನೆ.

ಹುಡುಕುವ ವಿಷಯ ಚಿಕ್ಕದು, ಮೊದಲು ಅದನ್ನು ಮುಗಿಸೋಣ. ನಿಮಗಿಂತ ಒಂದೆರಡು ವರ್ಷ ಮುಂದಿರುವ ಸೀನಿಯರ್, ವಾರ್ಡಿನಲ್ಲಿ ಹೇಳಿಕೊಡುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್, ನಿವೃತ್ತರಾದ ನರ್ಸಿಂಗ್ ಟೀಚರ್, ಸದ್ಯಕ್ಕೆ ಡ್ಯೂಟಿಗೆ ಹೋಗದೆ ಮನೆಯಲ್ಲಿರುವ ಅನುಭವಿ ನರ್ಸ್. ಇವರಲ್ಲಿ ಒಬ್ಬರು ನಿಮ್ಮ ಸುತ್ತಮುತ್ತ ಇದ್ದೇ ಇರುತ್ತಾರೆ. ಬಯೋಕೆಮಿಸ್ಟ್ರಿಗೆ ಬಯೋಕೆಮಿಸ್ಟ್ರಿ ಓದಿದವರು ಸಾಕು. ಒಬ್ಬರೇ ಎಲ್ಲಾ ಸಬ್ಜೆಕ್ಟ್ ಹೇಳಿಕೊಡಬೇಕು ಅನ್ನುವ ಹಟ ಬೇಡ. ಗುರುತಿಲ್ಲದವರಾದರೆ ಓದಿನ ಸರ್ಟಿಫಿಕೇಟು, ನೋಂದಣಿ ಎರಡನ್ನೂ ಕೇಳಿ ನೋಡಿ. ಕೇಳಿದ್ದಕ್ಕೆ ಸಿಟ್ಟಾದರೆ ಅಲ್ಲಿಗೇ ಬಿಡಿ. ಇನ್ನೊಂದು ಮಾತು: ನಿಮ್ಮ ಉತ್ತರ ಪತ್ರಿಕೆ ತಿದ್ದುವವರನ್ನೇ ದುಡ್ಡು ಕೊಟ್ಟು ಟ್ಯೂಷನ್‌ಗೆ ಕರೆಯಬೇಡಿ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಇನ್ನು ಆ ‘ಡಾಕ್ಟರೇ ಬೇಕು’ ಅನ್ನುವ ವಿಷಯ.

ಡಾಕ್ಟರುಗಳ ಮೇಲೆ ನನಗೇನೂ ಮುನಿಸಿಲ್ಲ. ಅವರಿಗೆ ಜಾಸ್ತಿ ಗೊತ್ತಿರುತ್ತದೆ, ನಿಜ. ಆದರೆ ಜಾಸ್ತಿ ಗೊತ್ತಿರುವುದು ಒಂದು, ಗೊತ್ತಿಲ್ಲದವರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಕಾಣುವುದು ಇನ್ನೊಂದು. ಎರಡನೆಯದು ಮೊದಲನೆಯದರ ಜೊತೆ ಉಚಿತವಾಗಿ ಬರುವುದಿಲ್ಲ. ಎಷ್ಟೋ ಸಲ ಮೊದಲನೆಯದು ಜಾಸ್ತಿಯಾದಷ್ಟೂ ಎರಡನೆಯದು ಕಡಿಮೆಯಾಗುತ್ತದೆ.

ನನ್ನ ಹತ್ತಿರ ಟ್ಯೂಷನ್‌ಗೆ ಬರುತ್ತಿದ್ದ ಒಬ್ಬ ಹುಡುಗಿಯ ಕತೆ ಹೇಳುತ್ತೇನೆ. ನನ್ನಲ್ಲಿಗೆ ಬರುವ ಮೊದಲು ಒಬ್ಬ ಬುದ್ಧಿವಂತ ಡಾಕ್ಟರ ಹತ್ತಿರ ಆರು ತಿಂಗಳು ಹೋಗಿದ್ದಳು. ನೋಟ್ಸ್ ಮುತ್ತಿನ ಹಾಗಿತ್ತು. ಡ್ರಿಪ್ ಲೆಕ್ಕದಲ್ಲಿ ಮಾತ್ರ ಮತ್ತೆ ಮತ್ತೆ ತಪ್ಪು. ನಾನು ಒಂದು ಲೆಕ್ಕ ಕೊಟ್ಟೆ: 1000 ಎಂಎಲ್ ಸಲೈನ್, 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಹಾಕುವ ಕೊಳವೆಯ ಸೆಟ್ಟು ಎಂಎಲ್‌ಗೆ 20 ಹನಿಯದ್ದು. ನಿಮಿಷಕ್ಕೆ ಎಷ್ಟು ಹನಿ? ಗಂಟೆಗೆ 125 ಎಂಎಲ್, ಅದನ್ನು 20ರಿಂದ ಗುಣಿಸಿ 60ರಿಂದ ಭಾಗಿಸಿದಳು. 41.67, ಅಂದರೆ 42 ಹನಿ. ಸರಿಯಾಗಿತ್ತು. ಪಟಪಟ ಅಂತ ಮಾಡಿದಳು.

ಎರಡನೇ ಲೆಕ್ಕ: 100 ಎಂಎಲ್ ಆಂಟಿಬಯಾಟಿಕ್, 30 ನಿಮಿಷದಲ್ಲಿ ಹೋಗಬೇಕು, ಅದೇ ಸೆಟ್ಟು. 100 ಗುಣಿಸು 20, ಭಾಗಿಸು 60 ಅಂತ ಬರೆದು 33 ಅಂದಳು.

‘ಈ 60 ಎಲ್ಲಿಂದ ಬಂತಮ್ಮಾ?’ ಅಂತ ಕೇಳಿದೆ.

ನನ್ನ ಮುಖ ನೋಡಿದಳು. ‘ಫಾರ್ಮುಲಾದಲ್ಲಿ ಇದೆಯಲ್ಲ ಮೇಡಂ. ಯಾವಾಗಲೂ ಕೆಳಗೆ 60 ಇರುತ್ತೆ.’

ನೋಡಿ, ಸಿಕ್ಕು ಇದ್ದದ್ದು ಅಲ್ಲಿ. ಆ 60 ಅಂದರೆ ಒಂದು ಗಂಟೆಯ ನಿಮಿಷಗಳು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅದು ಕಿವಿಯಿಂದ ಒಳಗೆ ಇಳಿದಿರಲಿಲ್ಲ. ಕೆಳಗೆ ಬರಬೇಕಾದ್ದು 30. ಉತ್ತರ 67 ಹನಿ. ಅವಳ ಲೆಕ್ಕದಂತೆ ಬಿಟ್ಟರೆ ಅರ್ಧ ಗಂಟೆಯ ಔಷಧಿ ಒಂದು ಗಂಟೆ ಹೋಗುತ್ತಿತ್ತು. ಆ ಡಾಕ್ಟರು ಈ ತಪ್ಪನ್ನು ನೋಡಿಲ್ಲ ಅಂತಲ್ಲ. ಪ್ರತಿ ಸಲ ನೋಡಿದ್ದಾರೆ, ಪ್ರತಿ ಸಲ ಸರಿಯಾದ ಲೆಕ್ಕವನ್ನು ಪಕ್ಕದಲ್ಲಿ ನೀಟಾಗಿ ಮಾಡಿ ತೋರಿಸಿದ್ದಾರೆ. ಇವಳು ಅದನ್ನು ನೀಟಾಗಿ ನಕಲು ಮಾಡಿಕೊಂಡಿದ್ದಾಳೆ. 60 ಅನ್ನುವುದು ಅವರಿಗೆ ಎಷ್ಟು ಸಹಜ ಅಂದರೆ, ಅದು ಯಾರಿಗಾದರೂ ಅರ್ಥವಾಗದೆ ಇರಬಹುದು ಅಂತ ಹೊಳೆಯಲೇ ಇಲ್ಲ.

ಆಮೇಲೆ ಅವಳಿಗೆ ಮೈಕ್ರೋಡ್ರಿಪ್ ಸೆಟ್ ಕೊಟ್ಟೆ. ಅದರಲ್ಲಿ ಎಂಎಲ್‌ಗೆ 60 ಹನಿ. ಗಂಟೆಗೆ 40 ಎಂಎಲ್ ಅಂದರೆ ನಿಮಿಷಕ್ಕೆ 40 ಹನಿ, ಲೆಕ್ಕವೇ ಬೇಡ. ‘ಯಾಕೆ?’ ಅಂತ ಕೇಳಿ ಸುಮ್ನೆ ಕೂತೆ. ಸ್ವಲ್ಪ ಹೊತ್ತು ಪೆನ್ನು ಕಚ್ಚಿದಳು. ‘ಓಹ್, ಮೇಲಿನ 60 ಹನಿಯದ್ದು, ಕೆಳಗಿನ 60 ನಿಮಿಷದ್ದು, ಎರಡೂ ಹೊಡೆದು ಹೋಗುತ್ತೆ!’ ಅಂದಳು. ಆ ಮುಖ ನನಗಿನ್ನೂ ನೆನಪಿದೆ. ಸಂಬಳಕ್ಕಿಂತ ಇಂಥದ್ದಕ್ಕೇ ನಾವು ಪಾಠ ಹೇಳುವುದು, ಇರಲಿ.

ಇದು ಡಾಕ್ಟರ ತಪ್ಪಲ್ಲ, ಬಲ್ಲವರೆಲ್ಲರ ತಪ್ಪು. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವ ಸಂಶೋಧಕಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತಾ ಮೇಜಿನ ಮೇಲೆ ಬೆರಳಲ್ಲಿ ತಾಳ ಕುಟ್ಟಬೇಕು. ಎದುರು ಕೂತವರು ಅದು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಕಂಡುಹಿಡಿಯುತ್ತಾರೆ ಅಂತ ಕುಟ್ಟಿದವರ ಅಂದಾಜು. 120 ಹಾಡುಗಳಲ್ಲಿ ಎದುರಿನವರಿಗೆ ಗೊತ್ತಾಗಿದ್ದು 3. ಕುಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿರುತ್ತದೆ. ಎದುರಿನವರಿಗೆ ಕೇಳುವುದು ಟಕ್ ಟಕ್ ಮಾತ್ರ. ನಿಮ್ಮ ಹಿಂದಿನ ಟ್ಯೂಷನ್ ನೆನಪಿಗೆ ಬಂತಾ?

ನಾನೂ ಇದರಿಂದ ಹೊರತಲ್ಲ. ಶುರುವಿನ ವರ್ಷಗಳಲ್ಲಿ ನೆಫ್ರಾನ್, ಅಂದರೆ ಕಿಡ್ನಿಯೊಳಗೆ ರಕ್ತ ಸೋಸುವ ಪುಟ್ಟ ಘಟಕದ ಬಗ್ಗೆ ಒಂದೂವರೆ ಗಂಟೆ ನಿಲ್ಲಿಸದೆ ಮಾತಾಡಿದ್ದೆ. ಎದುರಿನ ಹುಡುಗ ಅಷ್ಟು ಹೊತ್ತೂ ತಲೆ ಆಡಿಸಿದ. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದ: ‘ಮೇಡಂ, ನೆಫ್ರಾನ್ ಅಂದರೆ ಒಂದು ಕಿಡ್ನಿಯಲ್ಲಿ ಒಂದೇ ಇರೋದಾ?’ ಒಂದು ಕಿಡ್ನಿಯಲ್ಲಿ ಹತ್ತು ಲಕ್ಷದ ಆಸುಪಾಸು ಇರುತ್ತವೆ. ನಾನು ದೊಡ್ಡದಾಗಿ ಒಂದರ ಚಿತ್ರ ಬರೆದು ಅದನ್ನೇ ವಿವರಿಸಿದ್ದೆ. ಅವನು ನೋಡಿದ್ದು ಒಂದೇ, ಒಂದೇ ಅಂದುಕೊಂಡ.

ಡಾಕ್ಟರೇ ಬೇಕು ಅನ್ನುವವರಿಗೆ ನನ್ನ ಇನ್ನೊಂದು ತಕರಾರು ಇದೆ, ಇದು ನರ್ಸಿಂಗ್ ಓದುವವರಿಗೆ ಮಾತ್ರ. ನರ್ಸಿಂಗ್ ಅಂದರೆ ವೈದ್ಯಕೀಯವನ್ನು ತೆಳು ಮಾಡಿ ಬಡಿಸಿದ್ದು ಅಂತ ಎಷ್ಟು ಜನ ನಂಬಿದ್ದಾರೋ! ನಿಮ್ಮಲ್ಲೇ ಎಷ್ಟೋ ಜನ. ಡಿಗಾಕ್ಸಿನ್ ಅನ್ನುವ ಹೃದಯದ ಔಷಧಿ ತೆಗೆದುಕೊಳ್ಳಿ. ಮೆಡಿಕಲ್ ವಿದ್ಯಾರ್ಥಿಗೆ ಬರುವ ಪ್ರಶ್ನೆ: ಅದು ಹೇಗೆ ಕೆಲಸ ಮಾಡುತ್ತದೆ? ಉತ್ತರ ಸೋಡಿಯಂ–ಪೊಟ್ಯಾಸಿಯಂ ಪಂಪಿನಿಂದ ಶುರುವಾಗುತ್ತದೆ. ಔಷಧಿ ಆ ಪಂಪನ್ನು ತಡೆಯುತ್ತದೆ, ಹೃದಯದ ಕೋಶದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ, ಹೃದಯ ಬಲವಾಗಿ ಒತ್ತುತ್ತದೆ. ನಿಮಗೆ ಬರುವ ಪ್ರಶ್ನೆ: ಮಾತ್ರೆ ಕೈಯಲ್ಲಿದೆ, ರೋಗಿ ಮುಂದೆ ಇದ್ದಾರೆ, ಮೊದಲು ಏನು ಮಾಡುತ್ತೀರಿ? ಸ್ಟೆತಾಸ್ಕೋಪ್ ಎದೆಯ ಮೇಲಿಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸುತ್ತೀರಿ. ದೊಡ್ಡವರಲ್ಲಿ 60ಕ್ಕಿಂತ ಕಡಿಮೆ ಇದ್ದರೆ ಕೊಡುವುದಿಲ್ಲ, ಡಾಕ್ಟರಿಗೆ ತಿಳಿಸುತ್ತೀರಿ. ಊಟ ಸೇರುತ್ತಿಲ್ಲ, ವಾಕರಿಕೆ, ಕಣ್ಣಿಗೆಲ್ಲ ಹಳದಿ ಹಳದಿ ಕಾಣುತ್ತದೆ ಅಂತ ರೋಗಿ ಹೇಳಿದರೆ ಕಿವಿ ನಿಮಿರಬೇಕು. ಅದು ವಿಷವೇರುತ್ತಿರುವ ಲಕ್ಷಣ ಇರಬಹುದು. ರೋಗಿಗೆ ಮೂತ್ರ ಹೋಗಲು ಫ್ಯೂರೋಸಮೈಡ್ ಕೂಡ ಕೊಡುತ್ತಿದ್ದರೆ ಪೊಟ್ಯಾಸಿಯಂ ರಿಪೋರ್ಟ್ ನೋಡಬೇಕು. ಅದರಿಂದ ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್‌ನ ಮಾಮೂಲಿ ಡೋಸೂ ವಿಷವಾಗಬಲ್ಲದು.

ಔಷಧಿ ಒಂದೇ, ವಿಜ್ಞಾನ ಒಂದೇ, ಕೇಳುವ ಪ್ರಶ್ನೆ ಬೇರೆ. ‘ಮೊದಲು ಏನು ಮಾಡುತ್ತೀರಿ’ ಅನ್ನುವುದನ್ನು ಆ ಹಾಸಿಗೆಯ ಪಕ್ಕ ನಿಂತು ಮಾಡಿದವರೇ ಚೆನ್ನಾಗಿ ಹೇಳಿಕೊಡುವುದು.

ಮೆಡಿಕಲ್ ಓದುವವರು ಈಗ ನಗಬೇಡಿ, ನಿಮಗೂ ಇದೆ. ದೊಡ್ಡ ಸ್ಪೆಷಲಿಸ್ಟ್ ಬ್ರೇಕಿಯಲ್ ಪ್ಲೆಕ್ಸಸ್ (ಕತ್ತಿನಿಂದ ತೋಳಿಗೆ ಹೋಗುವ ನರಗಳ ಜಾಲ) ಹೇಳಿಕೊಡಲಿ ಅಂತ ಕಾಯಬೇಡಿ. ಹೋದ ವರ್ಷ ಅದನ್ನು ಹತ್ತು ಸಲ ತಪ್ಪಾಗಿ ಬರೆದು ಹನ್ನೊಂದನೇ ಸಲ ಸರಿಮಾಡಿದ ಸೀನಿಯರ್ ಸಾಕು. 5 ಬೇರು, 3 ಟ್ರಂಕ್, 6 ಡಿವಿಷನ್, 3 ಕಾರ್ಡ್, 5 ಕೊಂಬೆ. ಎಲ್ಲಿ ಕೈ ತಪ್ಪುತ್ತದೆ ಅಂತ ಅವರಿಗೆ ಇನ್ನೂ ನೆನಪಿರುತ್ತದೆ. ಒಂದೇ ಷರತ್ತು: ಪೆನ್ನು ನಿಮ್ಮ ಕೈಯಲ್ಲಿರಬೇಕು.

ಹಾಗಾದರೆ ಡಾಕ್ಟರು ಬೇಡವೇ ಬೇಡವಾ? ಪಾಠ ಹೇಳಲು ಬರುವ ಡಾಕ್ಟರಾದರೆ ಖಂಡಿತ ಹೋಗಿ. ಅದು ಗೊತ್ತಾಗುವುದು ಮೊದಲ ಗಂಟೆಯಲ್ಲಿ, ಬೋರ್ಡಿನ ಮೇಲಿನ ಡಿಗ್ರಿಯಿಂದ ಅಲ್ಲ. ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡಿ. ನೀವು ತಪ್ಪು ಮಾಡಿದ ಹಳೆಯ ಉತ್ತರ ಪತ್ರಿಕೆ ಒಂದನ್ನು ಮುಂದಿಡಿ. ‘ಇದು ತಪ್ಪು, ಸರಿಯಾದದ್ದು ಇದು’ ಅಂತ ಮುಂದಕ್ಕೆ ಹೋಗುವವರು ಒಂದು ಥರ. ‘ಇದನ್ನೇ ಯಾಕೆ ಬರೆದೆ?’ ಅಂತ ಕೇಳಿ ನಿಮ್ಮ ಉತ್ತರಕ್ಕೆ ಕಾಯುವವರು ಇನ್ನೊಂದು ಥರ. ಎರಡನೆಯವರನ್ನು ಬಿಡಬೇಡಿ. ಗಂಟೆಯ ಕೊನೆಗೆ ಯಾರ ಗಂಟಲು ಒಣಗಿದೆ ಅಂತಲೂ ನೋಡಿ. ಅವರದ್ದು ಮಾತ್ರ ಒಣಗಿದ್ದರೆ ನೀವು ನೋಡಿದ್ದು ಭಾಷಣ.

ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುವ ಟ್ಯೂಟರ್ ಮೇಲೆ ದೂರು ಹೇಳುವವರೂ ಇದ್ದಾರೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಓದಿದ್ದನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಉಲ್ಟಾ. ನಿಮ್ಮ ಪರೀಕ್ಷೆ ಐದು ನಿಮಿಷಕ್ಕೆ ಇದೆಯಾ?

ಇಷ್ಟೇ ಮಾರ್ಕ್ಸ್ ಬರುತ್ತದೆ ಅಂತ ಭರವಸೆ ಕೊಡುವವರು, ಇಡೀ ವರ್ಷದ ದುಡ್ಡನ್ನು ಮೊದಲೇ ಕೇಳುವವರು, ‘ಇದೇ ಪ್ರಶ್ನೆ ಬರುತ್ತೆ’ ಅಂತ ಪಿಸುಗುಟ್ಟುವವರು, ನಿಮ್ಮ ಕೇರ್ ಪ್ಲಾನ್ (ರೋಗಿಯ ಆರೈಕೆ ಹೇಗೆ ಅಂತ ನೀವು ಬರೆಯಬೇಕಾದ ಯೋಜನೆ) ತಾವೇ ಬರೆದುಕೊಡುವವರು, ಇವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ದೂರ ಇರಿ.

ಕೇರ್ ಪ್ಲಾನ್ ಅಂದ ಕೂಡಲೇ ಇನ್ನೊಂದು ನೆನಪಾಯಿತು. ಯಾರೂ ಇದನ್ನು ಕೇಳುವುದಿಲ್ಲ, ಆದರೆ ಎಲ್ಲರೂ ಮಾಡುತ್ತಾರೆ. ವಾರ್ಡಿನಲ್ಲಿ ರೋಗಿಯ ಕೇಸ್ ಶೀಟ್ ಫೋಟೋ ಹೊಡೆದು ‘ಮೇಡಂ, ಇದನ್ನು ಸ್ವಲ್ಪ ಅರ್ಥ ಮಾಡಿಸಿ’ ಅಂತ ಫೋನಿಗೆ ಕಳಿಸುವುದು. ಹೆಸರು, ವಯಸ್ಸು, ಬೆಡ್ ನಂಬರ್, ಎಲ್ಲಾ ಅದರಲ್ಲಿ ಢಾಳಾಗಿ ಕಾಣುತ್ತಿರುತ್ತದೆ. ನಾನು ಆ ರೋಗಿಗೆ ಯಾರು? ಯಾರೂ ಅಲ್ಲ. ಅವರು ಚಿಕಿತ್ಸೆಗೆ ಅಂತ ಹೇಳಿಕೊಂಡದ್ದು ನನ್ನ ಫೋನಿನಲ್ಲಿ ಯಾಕಿರಬೇಕು? ಟ್ಯೂಟರ್ ಎಷ್ಟೇ ಆಪ್ತರಾಗಿರಲಿ, ವಾರ್ಡಿನ ಮಟ್ಟಿಗೆ ಹೊರಗಿನವರು. ಇದಕ್ಕೆ ಕಾಲೇಜಿನಿಂದ ಹೊರಗೆ ಹಾಕಿದರೂ ನೀವು ಮಾತಾಡುವ ಹಾಗಿರುವುದಿಲ್ಲ. ಇಂಥ ಫೋಟೋ ಬಂದರೆ ನಾನು ತೆರೆದು ಓದದೆ ಅಳಿಸುತ್ತೇನೆ, ಆಮೇಲೆ ಬೈಯುತ್ತೇನೆ. ಫೋಟೋ ಕಳಿಸು ಅಂತ ಟ್ಯೂಟರೇ ಕೇಳಿದರೆ ಟ್ಯೂಟರನ್ನು ಬದಲಾಯಿಸಿ.

ಹಾಗಂತ ವಾರ್ಡಿನ ವಿಷಯ ಟ್ಯೂಷನ್‌ಗೆ ತರಬಾರದು ಅಂತಲ್ಲ. ಅದಿಲ್ಲದೆ ಪಾಠ ಒಣಗಿಹೋಗುತ್ತದೆ. ಕಲಿಯಲು ಬೇಕಾದಷ್ಟನ್ನು ನಿಮ್ಮ ಕೈಯಾರೆ ಹೊಸ ಹಾಳೆಯಲ್ಲಿ ಬರೆಯಿರಿ. ಹೆಸರು ಬೇಡ, ಬೆಡ್ ಬೇಡ, ಆಸ್ಪತ್ರೆ ಬೇಡ, ತಾರೀಕು ಬೇಡ, ಸರಿಯಾದ ವಯಸ್ಸೂ ಬೇಡ. ಹಾಗೆ ಬರೆಯಲು ಕೂತರೆ ಇನ್ನೊಂದು ಲಾಭ ಇದೆ. ಯಾವುದು ಮುಖ್ಯ ಅಂತ ನೀವೇ ಆರಿಸಬೇಕಾಗುತ್ತದೆ.

ಆ 60ರ ಹುಡುಗಿಗೂ ಒಮ್ಮೆ ಬೈದಿದ್ದೆ. ಮುಂದಿನ ವಾರ ಅವಳು ತಂದ ಹಾಳೆಯಲ್ಲಿ ಮೂರೇ ಸಾಲು ಇತ್ತು. ‘ಅರವತ್ತು ದಾಟಿದ ಗಂಡಸು, ಹಾರ್ಟ್ ಫೇಲ್ಯೂರ್. ಡಿಗಾಕ್ಸಿನ್, ಫ್ಯೂರೋಸಮೈಡ್ ಎರಡೂ ನಡೆಯುತ್ತಿದೆ. ಬಡಿತ 72, ಪೊಟ್ಯಾಸಿಯಂ 3.1.’ ಕೆಳಗೆ ಅವಳದೇ ಪ್ರಶ್ನೆ: ‘60ಕ್ಕಿಂತ ಜಾಸ್ತಿ ಇದೆಯಲ್ಲ, ಮಾತ್ರೆ ಕೊಡಬಹುದಾ?’ ಅದನ್ನು ಬರೆದು ಅವಳೇ ಅಡ್ಡಗೆರೆ ಎಳೆದಿದ್ದಳು. ಪಕ್ಕದಲ್ಲಿ ಪುಟ್ಟದಾಗಿ ಬರೆದಿದ್ದಳು: ‘ಪೊಟ್ಯಾಸಿಯಂ ಕಡಿಮೆ ಅಂದರೂ 3.5 ಇರಬೇಕಿತ್ತು. ತಡೆದು ಡಾಕ್ಟರಿಗೆ ಹೇಳು.’