ಕೆರೆಗೋಡಿನಲ್ಲಿ ಯುರೇನಿಯಂ

ಬೇಸಿಗೆಯಲ್ಲಿ ಅರಸೀಕೆರೆ, ಕಡೂರು ಕಡೆ ಕೆರೆ ಬತ್ತಿತೆಂದರೆ ತೆಂಗಿನ ತೋಟಕ್ಕೆ ಗೋಡು, ಅಂದರೆ ಕೆರೆಯ ಹೂಳು, ಹೊಡೆಯಲು ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಮೇಲೆ ಬಿರುಕು ಬಿಟ್ಟ ಒಣಮಣ್ಣು. ಕೆಳಗೆ ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರು. ಈ ಎರಡು ಪದರಗಳಲ್ಲಿ ಯುರೇನಿಯಂ ನಡೆದುಕೊಳ್ಳುವ ರೀತಿಯೇ ಬೇರೆ.

ಹೆಸರು ಕೇಳಿ ಸುಮ್ನೆ ಗಾಬರಿಯಾಗಬೇಡಿ. ಭೂಮಿಯ ಹೊರಪದರದಲ್ಲಿ ಅದು ಟನ್ನಿಗೆ ಸುಮಾರು 3 ಗ್ರಾಂ ಇದ್ದೇ ಇದೆ, ಬೆಳ್ಳಿಗಿಂತ ಜಾಸ್ತಿ. ಗಾಳಿ ತಾಗುವ ಕಡೆ ಅದು ಆಕ್ಸಿಜನ್ ಜೊತೆ ಸೇರಿ ಯುರನೈಲ್ ಎಂಬ ರೂಪ ತಾಳಿ ನೀರಿನಲ್ಲಿ ಕರಗುತ್ತದೆ. ನೀರಿನಲ್ಲಿ ಕಾರ್ಬೊನೇಟ್, ಕ್ಯಾಲ್ಸಿಯಂ ಇದ್ದರಂತೂ ಅವುಗಳ ಜೊತೆಗೂಡಿ, ಮಣ್ಣಿನ ಕಣಗಳಿಗೆ ಅಂಟದೆ ಸಾಗಿಬಿಡುತ್ತದೆ. ಕಪ್ಪು ಕೆಸರಿನಲ್ಲಿ ಗಾಳಿಯಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಸತ್ತ ಪಾಚಿಯನ್ನು ತಿಂದು, ಅದರಿಂದ ಬಂದ ಎಲೆಕ್ಟ್ರಾನ್‌ಗಳನ್ನು ಆಕ್ಸಿಜನ್ ಬದಲು ಕಬ್ಬಿಣಕ್ಕೆ, ಸಲ್ಫೇಟ್‌ಗೆ, ಯುರೇನಿಯಂಗೆ ಕೊಡುತ್ತವೆ. ಎರಡು ಎಲೆಕ್ಟ್ರಾನ್ ಸಿಕ್ಕಿದರೆ ಸಾಕು, ಯುರೇನಿಯಂ ಕರಗದ ರೂಪಕ್ಕೆ ತಿರುಗಿ ಕೆಸರಿನಲ್ಲೇ ಕೂರುತ್ತದೆ.

ಬಾಬಾಬುಡನ್ ಬೆಟ್ಟಸಾಲಿನ ತಳದ ಗುಂಡುಗಲ್ಲಿನ ಪದರಗಳಲ್ಲೂ ಯುರೇನಿಯಂ ಇದೆ. 250 ಕೋಟಿ ವರ್ಷಕ್ಕೂ ಹಿಂದಿನ ನದಿಗಳು ತಂದು ಹಾಕಿದ್ದು. ಆಗ ಗಾಳಿಯಲ್ಲಿ ಆಕ್ಸಿಜನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಯುರೇನಿಯಂ ಕಣಗಳು ನೀರಿನಲ್ಲಿ ಉರುಳಿದರೂ ಕರಗಲಿಲ್ಲ. ಇಂದಿನ ಹೊಳೆಯಲ್ಲಿ ಇದು ಬಲು ಅಪರೂಪ.

ಕೆಸರಿನ ಈ ರಸಾಯನವನ್ನು ವಿಜ್ಞಾನಿಗಳು ಚೆನ್ನಾಗಿ ಪರೀಕ್ಷಿಸಿದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯಲ್ಲಿ. ಅಲ್ಲಿ ಹೊಲಗಳ ಬಸಿನೀರಿಗೆ ಹೊರದಾರಿಯಿಲ್ಲದೆ, ಕೊಳಗಳಲ್ಲಿ ತುಂಬಿ ಆವಿಯಾಗಲು ಬಿಟ್ಟರು. ಸಿಯೆರಾ ನೆವಾಡಾದ ಗ್ರಾನೈಟ್ ಬೆಟ್ಟಗಳಿಂದ ಬಂದ ಮಣ್ಣಿನಲ್ಲಿದ್ದ ಯುರೇನಿಯಂ ಆ ನೀರಿಗಿಳಿದು, ಉಪ್ಪಿನ ಜೊತೆ ದಟ್ಟವಾಯಿತು. ಕೆಸರಿನಲ್ಲಿ ಎರಡೂ ರೂಪಗಳು ಸಿಕ್ಕವು. ಕೊಳ ಒಣಗಿ ಬಿರುಕಿನಲ್ಲಿ ಗಾಳಿ ಇಳಿದರೆ, ಕೂತಿದ್ದ ಯುರೇನಿಯಂ ಮತ್ತೆ ಕರಗುವ ರೂಪಕ್ಕೆ ಬರುತ್ತದೆ. ರಸಗೊಬ್ಬರದ ನೈಟ್ರೇಟ್ ಕೂಡ ಇದೇ ಕೆಲಸ ಮಾಡಬಲ್ಲದು.

ನಮ್ಮ ಕೆರೆಗಳಿಗೆ ಕೋಡಿ ಇದೆ. ಮಳೆ ಚೆನ್ನಾದ ವರ್ಷ ಅದು ಹರಿದು ಉಪ್ಪು ತೊಳೆದುಹೋಗುತ್ತದೆ. ಹಾಗಾಗಿ ಗೋಡಿನ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ, ಆಳದ ಬೋರ್‌ವೆಲ್ ಬಗ್ಗೆ ಇದೆ. ಆ ನೀರು ಬಹುಕಾಲ ಬಂಡೆಯ ಬಿರುಕಿನಲ್ಲಿ ನಿಂತದ್ದು, ಅಲ್ವಾ? ಬಂಡೆಯ ಯುರೇನಿಯಂ ಅದಕ್ಕೆ ಇಳಿದಿರಬಹುದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 30 ಮೈಕ್ರೋಗ್ರಾಂ. ವಿಕಿರಣಕ್ಕಿಂತ ಮೊದಲು ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ. ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ನೀರು ಕಡಿಮೆಯಾದಂತೆ ಇನ್ನಷ್ಟು ದಟ್ಟವಾಗುತ್ತದೆ. ಆರ್‌ಒ ಯಂತ್ರ ಬಹುಪಾಲನ್ನು ತೆಗೆಯುತ್ತದೆ.