ಅಕ್ಕನಿಗೆ ಎಂಎಸ್ ಬಂದಿದೆ, ನನಗೂ ಬರುತ್ತದೆಯೇ?

ಪ್ರಶ್ನೆ: ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಡಾಕ್ಟರು ಹೇಳಿದ್ದಾರೆ. ಇದು ವಂಶದಲ್ಲಿ ಬರುವ ಕಾಯಿಲೆಯೇ? ನನಗೂ ಬರಬಹುದೇ?

ಉತ್ತರ: ಬರುವ ಸಾಧ್ಯತೆ ಕಡಿಮೆ. ಒಡಹುಟ್ಟಿದವರಿಗೆ ನೂರಕ್ಕೆ ಮೂರರ ಆಸುಪಾಸು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದಾಗ ಇನ್ನೊಬ್ಬರಿಗೂ ಬರುವುದು ನೂರರಲ್ಲಿ 25–30 ಜೋಡಿಗಳಿಗೆ ಮಾತ್ರ. ಎಲ್ಲವೂ ವಂಶದ್ದೇ ಆಗಿದ್ದರೆ ಆ ಅಂಕಿ ನೂರನ್ನು ಮುಟ್ಟಬೇಕಿತ್ತು.

ಸೋಂಕಿನ ವಿರುದ್ಧ ಹೋರಾಡಬೇಕಾದ ರಕ್ತಕಣಗಳೇ ಮಿದುಳು, ಬೆನ್ನುಹುರಿಯ ನರತಂತುಗಳ ಮೈಲಿನ್ ಹೊದಿಕೆಯ ಮೇಲೆ ಬೀಳುವುದು ಈ ಕಾಯಿಲೆ. ಅವನ್ನು ಎತ್ತಿಕಟ್ಟುವುದು ಯಾವುದು? ಈಗ ಬಲವಾದ ಅನುಮಾನ ಎಪ್‌ಸ್ಟೈನ್-ಬಾರ್ ವೈರಸ್ ಮೇಲೆ. ಹಾರ್ವರ್ಡ್‌ನ ತಂಡವೊಂದು ಅಮೆರಿಕದ ಸೇನೆಯಲ್ಲಿದ್ದ 1 ಕೋಟಿಗೂ ಹೆಚ್ಚು ಜನರ 20 ವರ್ಷಗಳ ದಾಖಲೆ, ಕಾಪಿಟ್ಟ ರಕ್ತದ ಮಾದರಿಗಳನ್ನು ಜಾಲಾಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿತು. ಎಂಎಸ್ ಬಂದ 801 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ಈ ವೈರಸ್ ಮೊದಲೇ ತಗುಲಿತ್ತು. ತಗುಲಿದ ಮೇಲೆ ಅಪಾಯ 32 ಪಟ್ಟು ಏರಿತ್ತು. ಅದೇ ವರ್ಷ ಇನ್ನೊಂದು ತಂಡ, ಈ ವೈರಸ್ಸಿನ ಪ್ರೋಟೀನೊಂದರ ತುಣುಕು ನಮ್ಮ ಮಿದುಳಿನ ಗ್ಲಿಯಲ್‌ಕ್ಯಾಮ್ ಎಂಬ ಪ್ರೋಟೀನನ್ನು ಹೋಲುತ್ತದೆ ಎಂದು ತೋರಿಸಿತು. ವೈರಸ್ ಎಂದುಕೊಂಡು ಮನೆಯವರನ್ನೇ ಹೊಡೆದಂತೆ.

ಆದರೆ ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಯ ಮೈಯಲ್ಲಿ ಇದೇ ವೈರಸ್ ಇದೆ, ಎಂಎಸ್ ಇಲ್ಲ. ಹಾಗಾಗಿ ಬೇರೆ ಕಾರಣಗಳೂ ಕೂಡಬೇಕು. ರೋಗನಿರೋಧಕ ವ್ಯವಸ್ಥೆಗೆ ಸಂಬಂಧಿಸಿದ ಎಚ್‌ಎಲ್‌ಎ ಎಂಬ ಜೀನ್ ಗುಂಪಿನ ಒಂದು ರೂಪ ಅಪಾಯವನ್ನು ಸುಮಾರು ಮೂರು ಪಟ್ಟು ಮಾಡುತ್ತದೆ. ಧೂಮಪಾನ, ಹದಿಹರೆಯದ ಬೊಜ್ಜು, ವಿಟಮಿನ್ ಡಿ ಕೊರತೆ ಇವೂ ಪಟ್ಟಿಯಲ್ಲಿವೆ.

ಮಂಗಳೂರಿನಲ್ಲಿ ನಡೆದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್ ಕಂಡಿತ್ತು. ಉತ್ತರ ಯುರೋಪಿನ ಹಲವೆಡೆ ಇದು ನೂರು ದಾಟುತ್ತದೆ. ನಮ್ಮ ಬಿಸಿಲೇ ಕಾಪಾಡುತ್ತಿದೆ ಎನ್ನುವವರಿದ್ದಾರೆ. ನನಗೆ ಅಷ್ಟು ಸುಲಭಕ್ಕೆ ಒಪ್ಪಿಗೆಯಾಗದು, ಇಷ್ಟು ಬಿಸಿಲಿದ್ದೂ ವಿಟಮಿನ್ ಡಿ ಕೊರತೆ ನಮ್ಮಲ್ಲಿ ಮನೆಮಾತು. ಇಲ್ಲಿ ಆ ವೈರಸ್ ಎಳವೆಯಲ್ಲೇ ಸದ್ದಿಲ್ಲದೆ ಬಂದು ಕೂರುತ್ತದೆ. ಹದಿಹರೆಯದಲ್ಲಿ ಅಂಟಿ, ಗಂಟಲು ಊದಿ ಜ್ವರ ಬಂದವರಿಗೇ ಎಂಎಸ್ ಅಪಾಯ ಹೆಚ್ಚು. ಈ ವ್ಯತ್ಯಾಸದ ಒಂದು ಪಾಲು ಅಲ್ಲಿರಬಹುದು.

ನೀವು ಸಿಗರೇಟು ಸೇದುತ್ತಿದ್ದರೆ ಬಿಡಿ, ನಿಮ್ಮ ಕೈಲಿರುವುದು ಮುಖ್ಯವಾಗಿ ಅದು. ಮತ್ತೆ, ವೈರಸ್ ಎಂದೆನಲ್ಲ ಎಂದು ಅಕ್ಕನ ತಟ್ಟೆ-ಲೋಟ ಬೇರೆ ಇಡಬೇಡಿ. ಎಂಎಸ್ ಅಂಟುವುದಿಲ್ಲ, ಆ ವೈರಸ್ಸಂತೂ ನಿಮ್ಮೊಳಗೂ ಬಹುಶಃ ಆಗಲೇ ಇದೆ.